ಹುಳು ಜ್ವರಕ್ಕೆ ಕೂತ ದಿನ ಮಸಾಯಿ ಮಾರಾಕ್ಕೆ

೧೯೮೮ರ ಆಗಸ್ಟ್ ತಿಂಗಳ ಎರಡನೆಯ ಭಾನುವಾರ, ಬೆಳಗ್ಗೆ ಏಳು ಗಂಟೆ. ನೈರೋಬಿಯ ಸಣ್ಣ ವಿಮಾನ ನಿಲ್ದಾಣದಲ್ಲಿ ಮೂವರು ಹಾಜರಿದ್ದೆವು: ಚಿಂತಾಮಣಿಯಲ್ಲಿ ಡ್ರಿಲ್ ಮೇಷ್ಟರಾಗಿ ನಿವೃತ್ತನಾದ ನಾನು, ನನ್ನ ಹೆಂಡತಿ ನಾರಾಯಣಮ್ಮ, ನನ್ನ ತಮ್ಮ ಮುನಿರಾಜು. ಅವನು ನೈರೋಬಿಗೆ ಒಂದು ಗಂಟೆ ದಾರಿಯ ಹಳ್ಳಿಯಲ್ಲಿದ್ದು, ಅಲ್ಲಿನ ಹೆಂಗಸರಿಗೆ ರೇಷ್ಮೆ ಹುಳು ಸಾಕುವುದನ್ನು ಕಲಿಸುತ್ತಿದ್ದ.

ಅದು ಆ ಹೆಂಗಸರ ಮೊದಲ ಬೆಳೆ. ಕೈಕೊಟ್ಟರೆ ಮತ್ತೆ ರೇಷ್ಮೆ ಮುಟ್ಟುವುದಿಲ್ಲವೆಂದು ಹೇಳಿಬಿಟ್ಟಿದ್ದರು. ಹೀಗಾಗಿ ನಾವು ಬಂದಾಗಿನಿಂದ ಮುನಿರಾಜು ಹುಳುಮನೆ ಬಿಟ್ಟು ಕದಲಿರಲಿಲ್ಲ. ಶನಿವಾರ ಹುಳು ನಾಲ್ಕನೇ ಜ್ವರಕ್ಕೆ ಕೂತಿತು. ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು ಅಲುಗದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನನ್ನ ಹೆಂಡತಿಯ ತವರು ಜಂಗಮಕೋಟೆಯಲ್ಲಿ ನೆಂಟರ ಮನೆಗೆ ಹೋಗುವುದೂ ಆ ಬಿಡುವಿನಲ್ಲೇ. ನಾವು ಮಸಾಯಿ ಮಾರಾ ಎಂಬ ಆಫ್ರಿಕದ ಕಾಡು ನೋಡಲು ಹೊರಟೆವು.

"ಸಂಜೆ ಐದಕ್ಕೆ ಬರ್ತೀನಿ. ಅಲ್ಲೀವರೆಗೂ ಒಂದೆಲೇನೂ ಹಾಕಬೇಡಿ" ಎಂದು ಗುಂಪಿನ ಹಿರಿಯಳಾದ ವಂಜೀಕುಗೆ ಮುನಿರಾಜು ತಾಕೀತು ಮಾಡಿದ್ದ. ಎಲ್ಲ ಹುಳು ಏಳುವ ಮೊದಲೇ ಸೊಪ್ಪು ಹಾಕಿದರೆ ಬೆಳೆ ಏರುಪೇರಾಗುತ್ತದೆ; ಎದ್ದ ಮೇಲೆ ತಡಮಾಡಿದರೆ ಹುಳು ಸೊರಗುತ್ತದೆ.

ವಿಮಾನ ಚಿಕ್ಕದು. ಹತ್ತುವ ಮೊದಲು ಪ್ರತಿಯೊಬ್ಬರನ್ನೂ ತೂಗಿದರು.

"ಏನಪ್ಪಾ ರಾಜು, ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲಿ ಹಾಕ್ದಂಗೆ ತೂಕಕ್ಕೆ ಹಾಕ್ತಾರಲ್ಲ!" ಎಂದಳು ನಾರಾಯಣಮ್ಮ.

"ಒಳ್ಳೆ ಲಾಟು ಬಂದೈತೆ ಅಂತ ಅವ್ರಿಗೂ ಖುಷಿ ಅತ್ತಿಗೆ."

"ಹಂಗಾದ್ರೆ ನಿಮ್ಮಣ್ಣನ್ನ ಕೊನೇಲಿ ನಿಲ್ಸು. ಪೊಳ್ಳು ಗೂಡು."

ಹಾರಿದ ಸ್ವಲ್ಪ ಹೊತ್ತಿಗೆ ನೆಲ ಒಮ್ಮೆಲೇ ಕುಸಿದು ದೊಡ್ಡ ಕಣಿವೆಯಾಯಿತು. ಪೈಲಟ್ ವಿಮಾನವನ್ನು ಓರೆ ಮಾಡಿ, ಆರಿದ ಜ್ವಾಲಾಮುಖಿಯ ಬಾಯಿ ತೋರಿಸಿದ. ಒಳಗೆಲ್ಲ ಹಸಿರು ಕಾಡು. ನನ್ನ ಹೆಂಡತಿ ನನ್ನ ಮಣಿಕಟ್ಟು ಹಿಡಿದವಳು ಬಿಡಲಿಲ್ಲ. "ನಂದಿಬೆಟ್ಟದ ಮೇಲೆ ಇನ್ನೊಂದು ನಂದಿಬೆಟ್ಟ ಇಟ್ಟು ನೋಡ್ದಂಗೈತೆ ಕಣ್ರೀ" ಎಂದಳು.

ಸುಮಾರು ಒಂದು ಗಂಟೆಯಲ್ಲಿ ಮಾರಾದ ಮಣ್ಣಿನ ರನ್‌ವೇಯಲ್ಲಿಳಿದೆವು. ಜೀಪಿನೊಂದಿಗೆ ಕಾದಿದ್ದ ಮಾರ್ಗದರ್ಶಿ ಜೋಸೆಫ್ ಮಿತಭಾಷಿ. ಜಾಲಿಮರದ ನೆತ್ತಿ ಮೇಯುವ ಜಿರಾಫೆಗಳು, ಮರಿಯನ್ನು ನಡುವೆ ಬಿಟ್ಟುಕೊಂಡು ನಡೆವ ಆನೆಗಳು, ಜೀಪಿನ ನೆರಳಿಗೇ ಬಂದು ಮಲಗಿದ ಸಿಂಹಿಣಿ, ಎಲ್ಲವನ್ನೂ ಬೆರಳಲ್ಲೇ ತೋರಿಸಿದ. ಊಟಕ್ಕೆ ಒಂದು ಮರ ಆರಿಸಿ, ಚಿರತೆಯಿಲ್ಲವೆಂದು ಕೊಂಬೆಕೊಂಬೆಯನ್ನೂ ಪರೀಕ್ಷಿಸಿದ ಮೇಲೆಯೇ ನಮ್ಮನ್ನು ಇಳಿಸಿದ. ಚಪಾತಿ, ಹುಚ್ಚೆಳ್ಳು ಪುಡಿ ತಿಂದೆವು. ಜೋಸೆಫ್‌ಗೂ ಕೊಟ್ಟೆವು; ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಆದರೂ ಮತ್ತೆ ಕೈಯೊಡ್ಡಿದ.

ಮೂರು ಗಂಟೆಗೆ ಹೊರಡಬೇಕಿತ್ತು. ಆದರೆ ಎಮ್ಮೆಯ ಕೊಂಬು, ಕುದುರೆಯ ಬಾಲದ ವೈಲ್ಡ್‌ಬೀಸ್ಟ್ ಹಿಂಡು ರನ್‌ವೇಯನ್ನೇ ತುಂಬಿಕೊಂಡಿತ್ತು. ಜೋಸೆಫ್ ಜೀಪು ಓಡಿಸಿ ಒಂದು ಕಡೆ ಅಟ್ಟಿದರೆ ಇನ್ನೊಂದು ಕಡೆಯಿಂದ ನುಗ್ಗುತ್ತಿದ್ದವು. ತಮ್ಮನ ಮುಖ ಬಾಡಿತು.

"ಅಣ್ಣಾ, ಹುಳು ಎದ್ದಿರ್ತಾವೆ. ಹಾಕಬೇಡಿ ಅಂತ ನಾನೇ ಅವ್ರ ಕೈ ಕಟ್ಟಿ ಬಂದೆ."

ನಾರಾಯಣಮ್ಮ, "ಆ ವಂಜೀಕುಗೂ ಕಣ್ಣೈತೆ, ಸುಮ್ನಿರಪ್ಪ" ಎಂದಳು. ಅವನಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಜೋಸೆಫ್ ವಿಮಾನದ ಮುಂದೆ ಹಾರ್ನ್ ಒತ್ತುತ್ತಾ ಉದ್ದಕ್ಕೂ ಜೀಪು ಓಡಿಸಿ ದಾರಿ ಬಿಡಿಸಿದ. ಅವನ ಹೆಸರನ್ನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತೇನೆ.

ಹಳ್ಳಿ ಸೇರಿದಾಗ ಆರೂವರೆ. ಮುನಿರಾಜು ಕಾಲು ತೊಳೆದು ಹುಳುಮನೆಯೊಳಗೆ ಓಡಿದ. ತಟ್ಟೆಗಳ ತುಂಬ ಹಸಿರು ಸೊಪ್ಪು. ಹುಳುಗಳು ಒಂದೇ ಸಮನೆ ಮೇಯುತ್ತಿದ್ದವು. ಅವನು ಒಂದೊಂದು ತಟ್ಟೆಯನ್ನೂ ಬಗ್ಗಿ ನೋಡಿದ. ಪೊರೆಯಲ್ಲಿ ಉಳಿದ ಹುಳು ಒಂದೂ ಸಿಗಲಿಲ್ಲ.

"ಹಾಕಬೇಡ ಅಂದಿದ್ದೆನಲ್ಲ?" ಎಂದು ಅವರ ಭಾಷೆಯಲ್ಲಿ ಕೇಳಿದ. ವಂಜೀಕುವಿನ ಉತ್ತರವನ್ನು ಅವನೇ ನಗುತ್ತಾ ನಮಗೆ ಕನ್ನಡದಲ್ಲಿ ಹೇಳಿದ: "ಎಲ್ಲಾ ತಲೆ ಎತ್ಕೊಂಡು ಮೇವು ಕೇಳ್ತಿದ್ವು. ನಿಮ್ಮನ್ನ ಕೇಳೋಣ ಅಂದ್ರೆ ನೀವು ಆಕಾಶದಲ್ಲಿದ್ರಿ, ಅಂತಾಳೆ."

ಮುಂದಿನ ಹೊತ್ತಿನ ಸೊಪ್ಪಿಗೆ ಅವಳೂ ನಾರಾಯಣಮ್ಮನೂ ಸೇರಿ ಒದ್ದೆ ಗೋಣಿ ಹೊದಿಸಿದರು. ಕೈಹಾಕಲು ಹೋದ ಮುನಿರಾಜುವನ್ನು ಇಬ್ಬರೂ ಹೊರಗೆ ಕಳಿಸಿದರು.