ಅತ್ತೆ ಇನ್ಸುಲಿನ್ ಕಲಿತ ವಾರ

ಹಂದಿಜ್ವರ ಬಂದ ವರ್ಷ. ಲೋಕಲ್ ರೈಲಿನಲ್ಲಿ ಯಾರಾದರೂ ಸೀನಿದರೆ ಪಕ್ಕದವರು ಎದ್ದು ಬಾಗಿಲ ಬಳಿ ನಿಲ್ಲುತ್ತಿದ್ದರು. ಸಾನಪಾಡಾದ ಮನೆಯಲ್ಲಿ ಇದ್ದದ್ದು ಮೂವರು: ನಾನು, ಗಂಡ, ಅತ್ತೆ. ಅತ್ತೆಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ಸಾಲದೆ ಇನ್ಸುಲಿನ್ ಶುರುವಾಗಿತ್ತು. ಸೂಜಿ ಕಂಡರೆ ಅವರಿಗೆ ಪ್ರಾಣಭಯ. ಬೆಳಿಗ್ಗೆ ನಾನು ಐರೋಲಿಯ ಪ್ರಯೋಗಾಲಯಕ್ಕೆ ಟ್ರೇನು ಹಿಡಿಯಲು ಹೊರಡುವ ಮುಂಚೆ ಒಂದು ಸಲ, ಸಂಜೆ ಬಂದ ಮೇಲೆ ಒಂದು ಸಲ ನಾನೇ ಚುಚ್ಚುತ್ತಿದ್ದೆ. ಅವರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, "ಆಯ್ತಾ?" ಎಂದು ಮೂರು ಸಲ ಕೇಳುತ್ತಿದ್ದರು.

ಗಂಡ ಕಳಂಬೋಲಿಯ ಕಬ್ಬಿಣದ ವ್ಯಾಪಾರದ ಕಚೇರಿಯಲ್ಲಿದ್ದರು. ಅವರು ಕೆಲಸದ ಮೇಲೆ ರಾಯಪುರಕ್ಕೆ ಹೋದ ಮಾರನೆಯ ದಿನವೇ ನನಗೆ ಜ್ವರ ಏರಿತು. ಡಾಕ್ಟರು ಮಾತ್ರೆ ಕೊಟ್ಟು, ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯೇ ಎಂದು ಕೇಳಿದರು. ಇದೆ ಎಂದಾಗ, ಬೇರೆ ಕೋಣೆಯಲ್ಲಿರಿ, ಅವರನ್ನು ಹತ್ತಿರ ಸೇರಿಸಬೇಡಿ ಎಂದರು.

ಕೋಣೆಯ ಬಾಗಿಲು ಹಾಕಿಕೊಂಡೆ. ಇನ್ಸುಲಿನ್ ಪೆನ್ನು ಹೇಗೆ ಹಿಡಿಯಬೇಕು, ಎಷ್ಟಕ್ಕೆ ತಿರುಗಿಸಬೇಕು ಎಂದು ಒಳಗಿನಿಂದಲೇ ಕೂಗಿ ಹೇಳಿದೆ. ಅತ್ತೆ ಹೊತ್ತುಹೊತ್ತಿಗೆ ಗಂಜಿಯ ಬಟ್ಟಲನ್ನು ಬಾಗಿಲ ಬಳಿ ಇಟ್ಟು ಹೋಗುತ್ತಿದ್ದರು.

"ಚುಚ್ಕೊಂಡ್ರಾ ಅತ್ತೆ?"

"ಹೂಂ. ಶುಗರ್ ನೂರ ನಲ್ವತ್ತು ಉಂಟು. ನೀನು ಮಲಗು ಮಾರಾಯ್ತಿ."

ಮೂರನೆಯ ದಿನ ಜ್ವರ ಸ್ವಲ್ಪ ಇಳಿಯಿತು. ಲ್ಯಾಪ್‌ಟಾಪ್ ತೆರೆದು ಕೂತೆ. ಪ್ರಯೋಗಾಲಯದಲ್ಲಿ ನನ್ನದು ಒಂದು ಬ್ಯಾಕ್ಟೀರಿಯಾದ ಜೀನೋಮನ್ನು, ಅಂದರೆ ಅದರ ವಂಶವಾಹಿಗಳ ಪೂರ್ತಿ ಬರಹವನ್ನು, ಎರಡು ಪ್ರೋಗ್ರಾಂಗಳಿಗೆ ಕೊಟ್ಟು, ಯಾವುದು ಚೆನ್ನಾಗಿ ಓದುತ್ತದೆ ಎಂದು ನೋಡುವ ಕೆಲಸ. ಅತ್ತೆ ಬಾಗಿಲಾಚೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮದುವೆಯಾಗಿ ಐದು ವರ್ಷವಾಗಿದ್ದರೂ ಅವರು ನನ್ನ ಕೆಲಸದ ಬಗ್ಗೆ ಕೇಳಿದ್ದು ಅಂದೇ ಮೊದಲು.

"ಅದೆಂತ ನೋಡುದು ನೀನು ಅಷ್ಟೊತ್ತು?"

"ಲಕ್ಷಗಟ್ಟಲೆ ಅಕ್ಷರ ಇರತ್ತೆ ಅತ್ತೆ, ನಡುವೆ ಜಾಗ ಬಿಡದೆ ಬರೆದ ಹಾಗೆ. ಒಂದು ಪ್ರೋಗ್ರಾಂ, ಜೀನ್ ಇಲ್ಲಿಂದ ಶುರು ಅನ್ನತ್ತೆ. ಇನ್ನೊಂದು, ಅಲ್ಲ, ಇನ್ನೂ ಮುಂದೆ ಅನ್ನತ್ತೆ. ಒಂದಕ್ಕೆ ಚಿಕ್ಕ ಜೀನ್‌ಗಳು ಕಾಣೋದೇ ಇಲ್ಲ. ಇನ್ನೊಂದಕ್ಕೆ ಇಲ್ಲದ ಕಡೆಯೂ ಕಾಣತ್ತೆ."

"ಮತ್ತೆ ಸರಿ ಯಾವುದು?"

"ಜಗಳ ಬಂದ ಕಡೆ ನಾನೇ ಕಣ್ಣಲ್ಲಿ ನೋಡ್ಬೇಕು."

ಅಷ್ಟು ಮಾತಾಡುವುದರೊಳಗೆ ಅವರು ಎರಡು ಸಲ ನೀರು ಕುಡಿಯಲು ಎದ್ದುಹೋಗಿದ್ದರು. ಹಿಂದಿನ ದಿನವೂ ಫಿಲ್ಟರಿನ ನಲ್ಲಿ ಮತ್ತೆಮತ್ತೆ ತಿರುಗಿದ ಸದ್ದು ಕೇಳಿದ್ದು ನೆನಪಾಯಿತು. ಅಷ್ಟು ಬಾಯಾರಿಕೆ ಒಳ್ಳೆಯದಲ್ಲ.

"ಅತ್ತೆ, ಈಗ ಒಂದ್ಸಲ ಶುಗರ್ ನೋಡಿ, ಮಿಷನ್ ಬಾಗಿಲ ಹತ್ರ ಇಡಿ."

ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಮಿಷನ್ ನೆಲಕ್ಕೆ ತಾಗಿದ ಸದ್ದು. ಬಾಗಿಲು ಸ್ವಲ್ಪವೇ ತೆರೆದು ನೋಡಿದೆ. ಮುನ್ನೂರ ನಲವತ್ತು ದಾಟಿತ್ತು.

"ಎರಡು ದಿನದಿಂದ ಚುಚ್ಚಲೇ ಇಲ್ಲ," ಎಂದರು. ದನಿ ಮಗುವಿನದಾಗಿತ್ತು. "ಕೈ ಹೋಗುದಿಲ್ಲ. ನಿಂಗೆ ಜ್ವರ, ಮತ್ತೆ ಹೇಳುದು ಯಾಕೆ ಅಂತ..."

ಕೋಪ ಬಂತು, ಅಳುವೂ ಬಂತು. ಡಾಕ್ಟರಿಗೆ ಫೋನ್ ಮಾಡಿದೆ. ಈಗಿನ ಡೋಸ್ ತಕ್ಷಣ ತೆಗೆದುಕೊಳ್ಳಲಿ, ನೀರು ಕುಡಿಯುತ್ತಿರಲಿ, ಮತ್ತೆ ಮತ್ತೆ ನೋಡಿ, ವಾಂತಿಯಾದರೆ ಆಸ್ಪತ್ರೆಗೆ ಕರೆತನ್ನಿ ಎಂದರು. ನಾನು ಮಾಸ್ಕ್ ಕಟ್ಟಿ, ಬಾಗಿಲನ್ನು ಪೂರ್ತಿ ತೆರೆದು, ಕಿಟಕಿಯ ಪಕ್ಕಕ್ಕೆ ಹೋಗಿ ನಿಂತೆ. ಅತ್ತೆಯನ್ನು ಹಜಾರದ ಆ ತುದಿಯಲ್ಲಿ ಕೂರಿಸಿದೆ. ಬರೆಯುವ ಪೆನ್ನು ಹಿಡಿದು, ಹೊಟ್ಟೆಯ ಚರ್ಮ ಚಿವುಟಿ ತೋರಿಸಿದೆ. ಅವರು ನನ್ನನ್ನು ನೋಡುತ್ತ ಹಾಗೇ ಮಾಡಿದರು. ಸೂಜಿ ಚರ್ಮದ ಹತ್ತಿರ ಬಂದದ್ದೇ ಪೆನ್ನನ್ನು ಹಿಂದಕ್ಕೆ ಎಳೆದುಕೊಂಡರು.

"ನೀನೇ ಬಾ. ಒಂದು ಸಲಕ್ಕೆ ಎಂತ ಆಗುದಿಲ್ಲ."

ಎರಡು ಹೆಜ್ಜೆ ಇಟ್ಟವಳು ನಿಂತುಬಿಟ್ಟೆ.

"ಬರಲ್ಲ ಅತ್ತೆ. ನಿಮಗೇನಾದ್ರೂ ಆದ್ರೆ ನನ್ನ ಕೈಲಿ ತಡ್ಕೊಳಕ್ಕಾಗಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಚುಚ್ಚಿಕೊಂಡರು, ಕಣ್ಣು ತೆರೆದುಕೊಂಡೇ. ಸೂಜಿ ತೆಗೆಯುವ ಮುಂಚೆ ಹತ್ತು ಎಣಿಸಬೇಕಿತ್ತು. ನಾನು ಒಂದು, ಎರಡು ಎಂದೆ. ಅವರು ಒಂಜಿ, ರಡ್ಡ್, ಮೂಜಿ ಎಂದು ತುಳುವಿನಲ್ಲಿ ಎಣಿಸಿದರು. ಹತ್ತಕ್ಕೆ ಇಬ್ಬರೂ ಒಟ್ಟಿಗೆ ತಲುಪಿದೆವು.

"ಇಷ್ಟೇಯಾ?" ಎಂದರು.

ಸಂಜೆಗೆ ಅಂಕಿ ಇನ್ನೂರರ ಹತ್ತಿರ ಬಂತು. ಗಂಡ ಮರಳುವ ಹೊತ್ತಿಗೆ ನನ್ನ ಜ್ವರ ಪೂರ್ತಿ ಬಿಟ್ಟಿತ್ತು. ಅತ್ತೆಗೆ ಜ್ವರ ಅಂಟಲೇ ಇಲ್ಲ. ಎರಡು ಪ್ರೋಗ್ರಾಂಗಳ ಮೇಲಿನ ವರದಿ ಒಂದು ವಾರ ತಡವಾಗಿ ಹೋಯಿತು. ಯಾವ ಒಂದನ್ನೂ ಪೂರ್ತಿ ನಂಬುವಂತಿಲ್ಲ ಎಂದು ಬರೆದಿದ್ದೆ.

ಆಮೇಲೆ ಅತ್ತೆ ಇನ್ಸುಲಿನ್‌ಗೆ ನನ್ನನ್ನು ಕರೆಯಲಿಲ್ಲ. ಮೊದಮೊದಲು ನನಗೇ ಏನೋ ಕಳೆದುಕೊಂಡ ಹಾಗಾಗುತ್ತಿತ್ತು. ಕೆಲವು ವರ್ಷದ ಮೇಲೆ ಎದುರು ಫ್ಲಾಟಿನ ಮರಾಠಿ ಅಜ್ಜಿಗೂ ಇನ್ಸುಲಿನ್ ಶುರುವಾಯಿತು. ಒಂದು ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅವರ ತೆರೆದ ಬಾಗಿಲಿನಿಂದ ಮೂರು ಭಾಷೆ ಬೆರೆಸಿದ ನಮ್ಮ ಅತ್ತೆಯ ಗಟ್ಟಿ ದನಿ ಕೇಳಿತು: "ಘಾಬರೂ ನಕಾ ಆಜಿ, ಹೆದರಬೇಡಿ, ಮೈ ಹೂಂ ನಾ. ಕಣ್ಣು ಮುಚ್ಚಬೇಡಿ ಮಾತ್ರ."