ಪ್ಯಾಕೇಜಿನ ಮನೆತನ ಕೇಳಿದವರು

ನಮ್ಮ ಲ್ಯಾಬಿನ ಮೇಡಮ್ಮರ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಪರದೆಯ ಮೇಲಿನ ಸಾಲು ಓದುತ್ತ ಅವರು ಬೆರಳು ಸರಿಸಿದರೆ ಕಿರ್ರೆಂದು ಸದ್ದಾಗುತ್ತಿತ್ತು. ಕಂಪ್ಯೂಟರು ತಪ್ಪು ತೋರಿಸಿದರೆ ನಾವೆಲ್ಲ ಆ ಕಿಟಕಿ ಮುಚ್ಚುವ ಗಡಿಬಿಡಿಯಲ್ಲಿರುತ್ತಿದ್ದೆವು. ಅವರು ಮಾತ್ರ ಎದ್ದು ನಿಂತು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. "ಪಾಪ, ಅದು ಬಾಯಿಬಿಟ್ಟು ಹೇಳಾಕತ್ತೈತಿ. ಕೇಳೂ ಮಂದೀನ ಇಲ್ಲ," ಎನ್ನುತ್ತಿದ್ದರು.

ಮೇಡಂ ವಿಜಯಪುರದ ಇಬ್ರಾಹಿಂಪುರದಿಂದ ಬಸ್ಸಿನಲ್ಲಿ ಬಬಲೇಶ್ವರದ ನಮ್ಮ ಕಾಲೇಜಿಗೆ ಬರುತ್ತಿದ್ದರು. ನಾನು ಇಟ್ಟಂಗಿಹಾಳದವಳು, ಅವರ ಕೈಕೆಳಗೆ ತಾತ್ಕಾಲಿಕ ಸಹಾಯಕಿ. ಇಡೀ ಲ್ಯಾಬಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿದ್ದು ಅವರದೇ ಹಟ. ಪ್ರಿನ್ಸಿಪಾಲರಿಗೆ ಅದು ಅಷ್ಟಕ್ಕಷ್ಟೆ.

ಲಿನಕ್ಸಿನ ಹಳೆಯ ಆವೃತ್ತಿಗೆ ಭದ್ರತೆಯ ತಿದ್ದುಪಡಿ ನಿಂತುಹೋದಾಗ ಎಲ್ಲ ಕಂಪ್ಯೂಟರುಗಳನ್ನೂ ಹೊಸದಕ್ಕೆ ಏರಿಸಿದೆವು. ಮರುದಿನ ನೋಡಿದರೆ ಪರೀಕ್ಷೆಗೆ ಬೇಕಾದ ಡೇಟಾಬೇಸ್ ಏಳಲೊಲ್ಲದು. ಪ್ಯಾಕೇಜು ಅಂದರೆ ತಂತ್ರಾಂಶದ ಒಂದೊಂದು ಗಂಟು; ಅಂಥದೊಂದರಲ್ಲಿ ಡೇಟಾಬೇಸ್ ಕೇಳುವ ಆವೃತ್ತಿಯೇ ಬೇರೆ, ಲ್ಯಾಬಿನಲ್ಲಿ ಕೂತಿರುವ ಆವೃತ್ತಿಯೇ ಬೇರೆ. ಅಷ್ಟರಲ್ಲಿ ಪ್ರಾಯೋಗಿಕ ಪರೀಕ್ಷೆ ನಾಳೆಯೇ ಎಂಬ ಸುದ್ದಿ ಬಂತು. ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು, "ಸಂಜೀತನಕ ನೋಡ್ತೇನ್ರಿ ಮೇಡಂ. ಆಗ್ಲಿಲ್ಲಂದ್ರ ಲಿನಕ್ಸ್ ಎಲ್ಲಾ ಅಳಿಸಿ ಹಾಕ್ಸೂದ," ಎಂದು ಹೋದರು. ನನಗೆ ಅವರ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆ.

ಮೇಡಂ ಕೀಲಿಮಣೆ ಮುಟ್ಟಲಿಲ್ಲ. "ನೀ ಕುಂಡ್ರು. ನಾ ಓದ್ತೇನಿ," ಎಂದರು. ನಾನು ಅವಸರದಲ್ಲಿ ದುರಸ್ತಿಯ ಆದೇಶ ಕೊಟ್ಟೆ. ಮುಂದುವರಿಯಲೇ ಎಂದು ಯಂತ್ರ ಕೇಳಿತು. ಬೆರಳು ಒತ್ತುವುದರಲ್ಲಿತ್ತು.

"ತಡಿ ಬೇ. ಹೂಂ ಅನ್ನೂಕಿಂತ ಮೊದ್ಲ ಏನೇನ್ ತಗೀತೈತಿ ಓದು."

ಓದಿದೆ. ಒಂದು ಪ್ಯಾಕೇಜಿನ ಜಗಳ ಬಿಡಿಸಲು ಅದು ಪರದೆಯ ಮೇಲೆ ಕಿಟಕಿ, ಚಿತ್ರ ತೋರಿಸುವ ಇಡೀ ವ್ಯವಸ್ಥೆಯನ್ನೇ ಕಿತ್ತೆಸೆಯಲು ಹೊರಟಿತ್ತು. "ಇಲಿ ಕಾಟಕ್ಕ ಮನಿ ಸುಟ್ಟಂಗಾತು," ಎಂದು ಮೇಡಂ ನಕ್ಕರು. ನನಗೆ ನಗು ಬರಲಿಲ್ಲ.

"ಬೀಗತನ ಮಾಡೂ ಮುಂದ ನಾವೇನ್ ಮಾಡ್ತೀವಿ? ಹುಡುಗನ ಪಗಾರ ಆಮ್ಯಾಲ, ಮೊದ್ಲ ಮನಿತಾನ ಕೇಳ್ತೀವಿ. ಇದರದೂ ಕೇಳು, ಎಲ್ಲಿಂದ ಬಂದೈತಿ ಅಂತ."

ಕೇಳಿದೆ. ಜಗಳಗಂಟ ಪ್ಯಾಕೇಜು ನಮ್ಮ ವ್ಯವಸ್ಥೆಯದೇ ಅಲ್ಲ. ಹಿಂದಿನ ವರ್ಷ ಟಿಕೋಟಾದ ವಿದ್ಯಾರ್ಥಿನಿಯೊಬ್ಬಳ ಪ್ರಾಜೆಕ್ಟಿಗೆಂದು ಪ್ಯಾಕೇಜು ಇಳಿಸಿಕೊಳ್ಳುವ ಹೊರಗಿನ ಮೂಲವೊಂದನ್ನು ಸೇರಿಸಿ, ಅದನ್ನೇ ಎಲ್ಲ ಕಂಪ್ಯೂಟರುಗಳಿಗೂ ನಕಲು ಮಾಡಿದ್ದೆವು. ಅಲ್ಲಿಂದ ಬಂದದ್ದರ ಆವೃತ್ತಿ ಸಂಖ್ಯೆ ದೊಡ್ಡದು. ದೊಡ್ಡದನ್ನು ಬಿಟ್ಟು ಚಿಕ್ಕದಕ್ಕೆ ಇಳಿಯಲು ಯಂತ್ರ ತಾನಾಗಿ ಒಪ್ಪುವುದಿಲ್ಲ.

"ಇಳಿಸೂದಂದ್ರ ಹಿಂದ ಹೋದಂಗ ಅಲ್ರಿ?" ಎಂದೆ.

"ದೊಡ್ಡ ನಂಬರ್ ತಗೊಂಡ್ ಏನ್ ಮಾಡ್ತಿ? ನಾಕು ಮಂದಿ ಕೂಡ ಹೊಂದ್ಕೊಂಡ್ ಹೋಗಬೇಕು. ಹೊರಗಿಂದು ಬಂದ್ ಮಾಡು, ಇದನ್ನ ಇಳಸು. ಮೊದ್ಲ ಸುಳ್ಳಸುಳ್ಳ ಮಾಡಿ ನೋಡು."

ಏನೂ ಬದಲಿಸದೆ, ಬದಲಿಸಿದರೆ ಏನಾಗುತ್ತದೆಂದು ಮಾತ್ರ ತೋರಿಸುವ ಆದೇಶ ಕೊಟ್ಟೆ. ತೆಗೆಯುವುದು ಏನೂ ಇಲ್ಲ, ಇಳಿಯುವುದು ಒಂದೇ. ಆಗ ಹೂಂ ಎಂದೆ. ಡೇಟಾಬೇಸ್ ಎದ್ದಿತು. ಉಳಿದ ಕಂಪ್ಯೂಟರುಗಳಿಗೂ ಅದೇ ಮದ್ದು. ಸಂಜೆ ಬಂದ ಪ್ರಿನ್ಸಿಪಾಲರಿಗೆ ಮೇಡಂ, "ಬರ್ರಿ ಸರ್, ಯಾವುದು ಬೇಕು ಅದರ ಮುಂದ ಕುಂಡ್ರಿ," ಎಂದರು. ಅವರು ಒಂದೊಂದನ್ನೂ ನೋಡಿದರು, ಒಂದೂ ಕೈಕೊಡಲಿಲ್ಲ. ನನಗೆ ಕುಣಿಯಬೇಕೆನಿಸಿತು.

ಮರುದಿನ ಪರೀಕ್ಷೆ ಹೂವೆತ್ತಿದಂತೆ ಮುಗಿಯಿತು. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು, ಲ್ಯಾಬನ್ನು ಇಷ್ಟು ಚೊಕ್ಕವಾಗಿ ಇಟ್ಟವರು ಯಾರೆಂದು ಕೇಳಿದರು. ಪ್ರಿನ್ಸಿಪಾಲರು ಮೇಡಮ್ಮರ ಕಡೆ ನೋಡಿದರು.

"ಇಕಿ ಮಾಡ್ಯಾಳ್ರಿ. ಒಂದ ಕೀಲಿನೂ ನಾ ಒತ್ತಿಲ್ಲ," ಎಂದರು ಮೇಡಂ.

ಅದು ನಿಜವೇ ಆಗಿತ್ತು. ಆ ವರ್ಷವೇ ನನ್ನ ಕೆಲಸ ಕಾಯಂ ಆಯಿತು. ಮೇಡಂ ನಿವೃತ್ತರಾಗಿ ಇಬ್ರಾಹಿಂಪುರದ ಮನೆಯಲ್ಲಿದ್ದಾರೆ, ಲ್ಯಾಬು ಈಗ ನನ್ನದು. ಇವತ್ತಿಗೂ ಅಲ್ಲಿ ಲಿನಕ್ಸೇ ಇದೆ.