ತಡವಾಗಿ ನಗುತ್ತಿದ್ದ ಟೀಚರ್

ನೀವು ನಂಬುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ನಂಬದಿದ್ದರೆ ನನಗೇನೂ ಬೇಸರವಿಲ್ಲ, ನನ್ನ ಮಾತನ್ನು ನಮ್ಮ ಮನೆಯಲ್ಲೂ ಯಾರೂ ನಂಬುವುದಿಲ್ಲ. ಸಿನಿಮಾ ಥಿಯೇಟರ್ ಎಂದರೆ ನಿಮಗೆಲ್ಲ ಪಾಪ್‌ಕಾರ್ನ್ ವಾಸನೆ ನೆನಪಾಗಬಹುದು. ನನಗೆ ನೆನಪಾಗುವುದು ಒಣಮೀನು.

ಹೋದ ವಾರ ಕ್ಲಾಸಿನಲ್ಲಿ ನನ್ನ ಪಕ್ಕದ ಹುಡುಗಿ ಡೆಸ್ಕಿನ ಕೆಳಗೆ ಒಂದು ಪ್ಯಾಕೆಟ್ ಹರಿದಳು. ಸಮುದ್ರದ ಪಾಚಿಯನ್ನು ಒಣಗಿಸಿ ಅಕ್ಕಿ ಬಿಸ್ಕತ್ತಿಗೆ ಸುತ್ತಿದ ಜಪಾನೀ ತಿಂಡಿ. ವಾಸನೆ ಥೇಟ್ ಒಣಮೀನಿನದ್ದು, ಆದರೂ ಈಗ ಅದೊಂದು ಫ್ಯಾಷನ್. ಇಡೀ ಸಾಲು ಮೂಗು ಮುಚ್ಚಿಕೊಂಡಿತು. ಎಸಿಯೊಳಗೆ ಇಲಿ ಸತ್ತಿದೆ ಎಂದು ಫಿಸಿಕ್ಸ್ ಸರ್ ಆಫೀಸಿಗೆ ಓಡಿದರು. (ಇಲಿಯದ್ದು ಸುಳ್ಳು. ಮೂಗಿನದ್ದು ನಿಜ.) ನಾನೊಬ್ಬಳೇ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡೆ. ಕತ್ತಲೆ, ಮೆತ್ತನೆಯ ಕುರ್ಚಿ, ಹಲ್ಲು ಕಡಿಸುವಷ್ಟು ಚಳಿ, ಪಕ್ಕದಲ್ಲಿ ಟೀಚರ್...

ಟೀಚರ್ ಇದ್ದದ್ದು ಬಹರೈನಿನ ಮನಾಮಾದ ನಮ್ಮ ಕಟ್ಟಡದಲ್ಲಿ, ನಮ್ಮ ಎದುರು ಫ್ಲಾಟಿನಲ್ಲಿ. ಮಂಗಳೂರು ಕಡೆಯ ಕ್ರಿಶ್ಚಿಯನ್, ಒಂಟಿ ಹೆಂಗಸು, ಐವತ್ತು ದಾಟಿತ್ತು. ಅವರ ಮನೆಮಾತು ಕೊಂಕಣಿ, ನಮ್ಮದು ಬ್ಯಾರಿ. ನಡುವೆ ಸೇತುವೆಗೆ ಇದ್ದದ್ದು ಕನ್ನಡ. ನಾನು ಇಂಗ್ಲಿಷಿನಲ್ಲಿ ಶುರು ಮಾಡಿದರೆ ಅವರು ಕೈ ಅಡ್ಡ ಹಿಡಿಯುತ್ತಿದ್ದರು. "ಇಂಗ್ಲಿಷ್ ನನ್ನ ಹೊಟ್ಟೆಪಾಡು ಮಾರಾಯ್ತಿ. ಡ್ಯೂಟಿ ಮುಗಿದ ಮೇಲೂ ಯೂನಿಫಾರ್ಮ್ ಹಾಕಿಸ್ಬೇಡ." ಹಾಗಾಗಿ ಬಹರೈನಿನಲ್ಲಿ ಇಂಗ್ಲಿಷ್ ಟೀಚರಿಂದ ಕನ್ನಡ ಕಲಿತ ಹುಡುಗಿ ನಾನೊಬ್ಬಳೇ ಇರಬೇಕು.

ಇಲ್ಲಿಗೆ ಬರುವ ಮೊದಲು ಅವರು ಜಪಾನಿನ ಕಡಲಬದಿಯ ಯಾವುದೋ ಸಣ್ಣ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಮೊದಲ ದಿನ ಇವರು ಗೇಟಿನೊಳಗೆ ಹೋದಾಗ ಹೆಡ್‌ಮಾಸ್ಟರು ನಡು ಬಗ್ಗಿಸಿ ನಮಸ್ಕಾರ ಮಾಡಿ, ಆಮೇಲೆ ಇವರ ಬೆನ್ನ ಹಿಂದೆ ಇಣುಕಿ ನೋಡಿದರಂತೆ, ಇಂಗ್ಲಿಷ್ ಟೀಚರ್ ಎಲ್ಲಿ ಎಂದು. ಅವರು ಕಾಯುತ್ತಿದ್ದದ್ದು ಚಿನ್ನದ ಕೂದಲಿನವಳಿಗೆ. ಬಂದದ್ದು ತೆಂಗಿನೆಣ್ಣೆ ಹಾಕಿ ಬಿಗಿದ ಜಡೆ. ಮಕ್ಕಳು ತಿಂಗಳುಗಟ್ಟಲೆ ಆ ಜಡೆ ಮುಟ್ಟಿ ಮುಟ್ಟಿ ಓಡುತ್ತಿದ್ದರಂತೆ. ಆದರೂ ಅಲ್ಲಿ ಮೀನು ಮಾರ್ಕೆಟಿನ ವಾಸನೆಗೆ ಅವರಿಗೆ ಊರಿನಲ್ಲಿದ್ದ ಹಾಗೇ ಅನಿಸಿ, ವರ್ಷಗಟ್ಟಲೆ ಉಳಿದುಬಿಟ್ಟರು. ಕೊನೆಗೆ ಆ ಊರಿನಲ್ಲಿ ಮಕ್ಕಳೇ ಹುಟ್ಟದೆ ಶಾಲೆಗೆ ಬೀಗ ಬಿತ್ತು. ಹುಟ್ಟದ ಮಕ್ಕಳಿಂದಾಗಿ ಕೆಲಸ ಕಳೆದುಕೊಂಡ ಹೆಂಗಸು ಇಡೀ ಮಂಗಳೂರಿನಲ್ಲಿ ಇನ್ನೊಬ್ಬರಿದ್ದರೆ ನನಗೆ ತಿಳಿಸಿ.

ಅಲ್ಲಿ ಭಾನುವಾರ ಅವರಿಗೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಚರ್ಚಿನ ಪೂಜೆ ಮುಗಿಸಿ ಒಬ್ಬರೇ ಸಿನಿಮಾಕ್ಕೆ ಹೋಗುತ್ತಿದ್ದರು. ಇಂಗ್ಲಿಷ್ ಸಿನಿಮಾ, ಕೆಳಗೆ ಜಪಾನೀ ಅಕ್ಷರ. ತಮಾಷೆಯ ಮಾತು ಬಂದ ಕೂಡಲೇ ಇವರು ಗೊಳ್ಳೆಂದು ನಗುವುದು, ಇಡೀ ಥಿಯೇಟರ್ ತಿರುಗಿ ನೋಡುವುದು. ಉಳಿದವರೆಲ್ಲ ಅಕ್ಷರ ಓದಿ ಮುಗಿಸಿ ನಗುವಷ್ಟರಲ್ಲಿ ಇವರದ್ದು ಮುಗಿದಿರುತ್ತಿತ್ತು. ಒಬ್ಬಳೇ ನಗುವುದು ನಾಚಿಕೆಯಾಗಿ, ನಗುವನ್ನು ಬಾಯೊಳಗೆ ಹಿಡಿದಿಟ್ಟುಕೊಂಡು ಎಲ್ಲರ ಜೊತೆ ಬಿಡಲು ಕಲಿತರು. ಆ ಅಭ್ಯಾಸ ಬಹರೈನಿಗೂ ಬಂತು. ಇಲ್ಲಿ ಎಲ್ಲರೂ ನಕ್ಕು, ನೀರು ಕುಡಿದು, ಮುಂದಿನ ಸೀನಿಗೆ ಹೋದ ಮೇಲೆ ನಮ್ಮ ಸಾಲಿನಿಂದ ಒಂದು "ಹಹ್ಹಾ". ಮುಂದಿನ ಸಾಲಿನ ಹುಡುಗರು "ಟ್ಯೂಬ್‌ಲೈಟ್ ಹತ್ತಿತು ನೋಡು" ಎಂದು ಹಿಂದಿಯಲ್ಲಿ ಆಡಿಕೊಳ್ಳುತ್ತಿದ್ದರು. ಒಮ್ಮೆ ಟೀಚರ್ ಮನೆಗೆ ಬಂದು, ಚಪ್ಪಲಿ ಬಿಚ್ಚುವಾಗ ನಕ್ಕರು ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ. ಅದು ಸ್ವಲ್ಪ ಜಾಸ್ತಿಯಾಯಿತು. ಲಿಫ್ಟಿನಲ್ಲಿ ನಕ್ಕಿದ್ದರು.

ಇಲ್ಲಿ ಅವರು ಒಂದು ಸಣ್ಣ ಇಂಗ್ಲಿಷ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದರು. ಶಿಷ್ಯೆಯರು ಮೂವರು ಜಪಾನೀ ಹೆಂಗಸರು, ಹಿದ್ ಎಂಬ ಊರಿನ ಕಡೆಯ ಒಂದು ಫ್ಯಾಕ್ಟರಿಗೆ ಬಂದಿದ್ದ ಎಂಜಿನಿಯರುಗಳ ಹೆಂಡತಿಯರು. ಶುಕ್ರವಾರ ಕಿವಿ ಪಳಗಲಿ ಎಂದು ಟೀಚರ್ ಅವರನ್ನು ಮಾಲ್‌ನಲ್ಲಿ ಸಿನಿಮಾಕ್ಕೆ ಕರೆದೊಯ್ಯುತ್ತಿದ್ದರು. ಬಾಲದಂತೆ ನಾನು. ಆ ಹೆಂಗಸರು ಪ್ರೀತಿಯಿಂದ ತಂದುಕೊಟ್ಟ ಪಾಚಿ ಬಿಸ್ಕತ್ತನ್ನು ಟೀಚರ್ ಹ್ಯಾಂಡ್‌ಬ್ಯಾಗಿನ ತಳದಲ್ಲಿ ಅಡಗಿಸಿ ಒಳಗೆ ತರುತ್ತಿದ್ದರು. ಹೊರಗಿನ ತಿಂಡಿ ತರಬಾರದು ಎಂದು ಬಾಗಿಲಲ್ಲೇ ಬರೆದಿತ್ತು. ಅದನ್ನು ಓದಿದ್ದ ಆ ಮೂವರು, ಕತ್ತಲಲ್ಲಿ ಪ್ಯಾಕೆಟ್ ಕೈಗೆ ಬಂದಾಗ ಬಾಂಬ್ ಹಿಡಿದವರ ಹಾಗೆ ನಡುಗುತ್ತಾ, ಸದ್ದಾಗದಂತೆ ಬಾಯಲ್ಲೇ ನೆನೆಸಿ ನುಂಗುತ್ತಿದ್ದರು.

ಸಿನಿಮಾ ಮುಗಿದರೆ ಏಳುವ ಪದ್ಧತಿ ಟೀಚರಿಗಿಲ್ಲ. ಕೊನೆಯಲ್ಲಿ ಹೆಸರುಗಳು ಓಡುತ್ತವಲ್ಲ, ಲೈಟ್ ಹಿಡಿದವನದ್ದು, ನಟನ ನಾಯಿ ನೋಡಿಕೊಂಡವನದ್ದು, ಅದಷ್ಟೂ ಮುಗಿಯುವವರೆಗೆ ಕೈಕಟ್ಟಿ ಕೂರುವುದು. ಕ್ಲೀನರ್ ಹೆಂಗಸು ಪೊರಕೆ ಹಿಡಿದು "ಮೇಡಂ, ಖತಮ್!" ಎಂದು ಕೂಗಿದರೂ ಟೀಚರ್ ಅಲುಗುತ್ತಿರಲಿಲ್ಲ. "ಇಷ್ಟು ಜನ ದುಡಿದಿದ್ದಾರೆ. ಅವರ ಹೆಸರಿಗೆ ಬೆನ್ನು ಹಾಕಿ ಹೋಗುದಾ?"

ಹೀಗಿರುವಾಗ ಇನ್‌ಸ್ಟಿಟ್ಯೂಟ್ ಮುಚ್ಚುವ ಸುದ್ದಿ ಬಂತು. ಮುಚ್ಚಿದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಬಹರೈನ್ ಇಲ್ಲ. ತಿಂಗಳು ಮುಗಿಯುವುದರೊಳಗೆ ಬೇರೆ ಯಾರಾದರೂ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕಿತ್ತು. ಇಲ್ಲವಾದರೆ ಊರಿನ ತಮ್ಮನ ಮನೆ. ಅಲ್ಲಿ ತಮ್ಮನ ಹೆಂಡತಿ ಫೋನಿನಲ್ಲೇ, "ಮೇಲಿನ ಕೋಣೆಯಲ್ಲಿ ಪಂಪಿನ ಸಾಮಾನು ಉಂಟು ಬಾಯೀ, ಸ್ವಲ್ಪ ಅಡ್ಜಸ್ಟ್ ಮಾಡ್ಬೇಕಾದೀತು" ಎಂದಿದ್ದಳು.

ಆಗ ರಂಗಕ್ಕೆ ಬಂದವರು ನನ್ನ ಉಪ್ಪ. ಉಪ್ಪ ಎಂದರೆ ಅಪ್ಪ; ಉಪ್ಪಿಗೂ ಅವರಿಗೂ ಸಂಬಂಧವಿಲ್ಲ, ಉಪ್ಪಿಗೂ ಅವರ ಬಿಪಿಗೂ ಇದೆ. ಮನಾಮಾದಲ್ಲಿ ಅವರದ್ದು ಊರಿಗೆ ಪಾರ್ಸೆಲ್ ಕಳಿಸುವ ಕಾರ್ಗೋ ಆಫೀಸು. ಬಹರೈನಿನಲ್ಲಿ ತಮಗೆ ಗೊತ್ತಿಲ್ಲದ ಮನುಷ್ಯನಿಲ್ಲ, ತಮ್ಮಿಂದ ಆಗದ ಕೆಲಸವಿಲ್ಲ ಎಂಬುದು ಅವರ ನಂಬಿಕೆ. "ನೀವು ಸುಮ್ನಿರಿ ಟೀಚರೇ, ನಾನಿದ್ದೇನಲ್ಲ" ಎಂದು ಎರಡು ಕಡೆ ಗಾಳ ಹಾಕಿದರು. ಒಂದು, ಹಿದ್‌ನಲ್ಲಿ ಅವರ ಕಾರ್ಗೋ ಗಿರಾಕಿಯೊಬ್ಬರ ನರ್ಸರಿ ಶಾಲೆ. ಅವರು ಟೀಚರಿಗೆ ಭಾನುವಾರ ಬಂದು ಪೇಪರ್ ಕೊಟ್ಟು, ಒಂದು ಪಾಠ ಮಾಡಿ ತೋರಿಸಲು ಹೇಳಿದರು. ಇನ್ನೊಂದು ದೊಡ್ಡ ಮೀನು: ಟೀಚರ ಹಿರಿಯ ಶಿಷ್ಯೆಯ ಗಂಡ. ಆ ಎಂಜಿನಿಯರುಗಳಲ್ಲೇ ದೊಡ್ಡವರು, ಫ್ಯಾಕ್ಟರಿಯ ಮ್ಯಾನೇಜರು. ಅವರನ್ನು ಹೆಂಡತಿ ಸಮೇತ, ಟೀಚರನ್ನೂ ಸೇರಿಸಿ, ನಮ್ಮ ಮನೆಗೆ ಊಟಕ್ಕೆ ಕರೆದರು.

ಆ ಊಟ! ನನ್ನ ಉಮ್ಮ ನೆಯ್ಚೋರು ಎಂಬ ತುಪ್ಪದನ್ನ, ಕೋಳಿ ಸುಕ್ಕ ಮಾಡಿದ್ದಳು. ಮ್ಯಾನೇಜರು ಪ್ರತಿ ತುತ್ತಿಗೂ "ಹಾಯ್" ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಅದು ಹೌದು. ಉಪ್ಪ ಪ್ರತಿ ಸಲವೂ ಕೈ ಬೀಸಿ "ಹಾಯ್, ಹಾಯ್" ಎಂದು ಮತ್ತೆ ಮತ್ತೆ ಪರಿಚಯ ಮಾಡಿಕೊಂಡರು. ಆಮೇಲೆ ವಿಷಯಕ್ಕೆ ಬಂದರು. "ಸರ್, ಅವರ್ ಟೀಚರ್, ಯುವರ್ ಕಂಪನಿ, ವೀಸಾ. ಓಕೆ?"

ಮ್ಯಾನೇಜರು ತಲೆ ಓರೆ ಮಾಡಿ, ಹಲ್ಲಿನ ಸಂದಿಯಿಂದ "ಸ್ಸ್ಸ್..." ಎಂದು ಗಾಳಿ ಎಳೆದುಕೊಂಡರು.

"ಯಾ ಅಲ್ಲಾ, ಖಾರ!" ಎಂದು ಉಮ್ಮ ಮೊಸರಿಗೆ ಓಡಿದಳು.

"ಇಟ್ ಈಸ್... ಎ ಲಿಟ್ಲ್..." ಎಂದರು ಮ್ಯಾನೇಜರು.

"ಲಿಟ್ಲ್ ಸ್ಪೈಸಿ! ನೋ ಪ್ರಾಬ್ಲಮ್!" ಎಂದು ಉಪ್ಪ ಅವರ ತಟ್ಟೆಗೆ ಮೊಸರು ಸುರಿದರು. ನೆಯ್ಚೋರು ಕೊಳವಾಯಿತು. "ವೀಸಾ ಆಲ್ಸೋ ಲಿಟ್ಲ್ ಟೈಮ್, ಐ ಅಂಡರ್‌ಸ್ಟ್ಯಾಂಡ್!"

"ಹಾಯ್... ವಿ ವಿಲ್ ಥಿಂಕ್," ಎಂದು ಮ್ಯಾನೇಜರು ಕೊಳದತ್ತ ನೋಡುತ್ತಾ ತಲೆ ಬಗ್ಗಿಸಿದರು. ಹೆಂಡತಿಯೂ ಬಗ್ಗಿಸಿದಳು. ಟೀಚರೂ ಬಗ್ಗಿಸಿದರು. ಗಂಡ ಹೆಂಡತಿ ಹೊರಟ ಮೇಲೆ ಉಪ್ಪ ಮೇಜು ಕುಟ್ಟಿ, "ಮೂರು ಸಲ ತಲೆ ಬಗ್ಗಿಸಿದ್ದಾನೆ ಮನುಷ್ಯ. ಆಯ್ತು ಅಂತ್ಲೇ ಲೆಕ್ಕ ಟೀಚರೇ!" ಎಂದರು. ಟೀಚರ್ ನಗುತ್ತಾ ಬಟ್ಟಲು ಎತ್ತಿಟ್ಟರು.

ಮರುದಿನ ಶುಕ್ರವಾರ, ಸಿನಿಮಾ. ಅವತ್ತಿನ ಕಥೆಯನ್ನು ನಾನು ಹಿಗ್ಗಿಸುವುದಿಲ್ಲ... ಹೆಸರುಗಳು ಓಡುತ್ತಿದ್ದಾಗ ಮ್ಯಾನೇಜರರ ಹೆಂಡತಿ ಟೀಚರ ಕಡೆ ತಿರುಗಿ ಜಪಾನೀ ಭಾಷೆಯಲ್ಲಿ ಏನೋ ಪಿಸುಗುಟ್ಟಿದರು. ಟೀಚರ್ ಅವರ ಕೈ ತಟ್ಟಿದರು. ಲೈಟ್ ಹತ್ತಿದಾಗ ಆ ಹೆಂಗಸು ಎಲ್ಲರಿಗಿಂತ ಮೊದಲು ಎದ್ದು ಹೋದರು.

ಟ್ಯಾಕ್ಸಿಯಲ್ಲಿ ನಾನು ಕೇಳಿದೆ, "ಎಂತ ಹೇಳಿದ್ರು ಅವರು?"

"ಸಾರಿ ಹೇಳಿದ್ಲು, ಪಾಪ. ಕಂಪನಿಯಲ್ಲಿ ಆಗುದಿಲ್ಲ."

"ನಿನ್ನೆ ಆಯ್ತು ಅಂದ್ರಲ್ಲ!"

"ನಿನ್ನೇನೇ ಆಗುದಿಲ್ಲ ಅಂದದ್ದು. ಆ 'ಸ್ಸ್' ಉಂಟಲ್ಲ, ಅದೇ ಇಲ್ಲ ಅಂತ. 'ಸ್ವಲ್ಪ' ಅಂದ್ರೆ ಸುತರಾಂ ಇಲ್ಲ. 'ಥಿಂಕ್ ಮಾಡ್ತೇವೆ' ಅಂದ್ರೆ ಇನ್ನು ಕೇಳ್ಬೇಡಿ. ನೀನು ಹೊಸ ಫೋನ್ ಕೇಳಿದ್ರೆ ನಿನ್ನ ಉಪ್ಪ ಎಂತ ಹೇಳ್ತಾರೆ?"

"ನೋಡುವ."

"ಸಿಕ್ಕಿತಾ ಇಷ್ಟರವರೆಗೆ?"

ನನಗೆ ನಗು ಬಂತು. ಆಮೇಲೆ ಬರಲಿಲ್ಲ. "ಮತ್ತೆ ಉಪ್ಪನಿಗೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳುದು ಮಾರಾಯ್ತಿ? ಅಷ್ಟು ಖುಷಿಯಲ್ಲಿ ಬಡಿಸ್ತಾ ಇದ್ರು." ಕಿಟಕಿಯಾಚೆ ಸಮುದ್ರಕ್ಕೆ ಮಣ್ಣು ತುಂಬಿಸಿ ಕಟ್ಟಿದ ಗಾಜಿನ ಕಟ್ಟಡಗಳು ಓಡುತ್ತಿದ್ದವು. "ಆಗ್ಲಿ, ನರ್ಸರಿ ಉಂಟಲ್ಲ. ನಾಡಿದ್ದು ಅದು ಗಟ್ಟಿಯಾದ ಮೇಲೆ ಮೆಲ್ಲಗೆ ಹೇಳುವ. ಆಗ ಅವರಿಗೂ ಬೇಜಾರಾಗುದಿಲ್ಲ."

ಈಗಿನ ಸಮಾಚಾರವನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಆಮೇಲೆ ನನ್ನಿಂದಾಗುವುದಿಲ್ಲ. ಎದುರು ಫ್ಲಾಟಿನಲ್ಲಿ ಈಗ ಹೈದರಾಬಾದಿನ ಸಂಸಾರವಿದೆ. ಬಾಗಿಲಿಗೆ ಪ್ಲಾಸ್ಟಿಕ್ ದ್ರಾಕ್ಷಿ ನೇತುಹಾಕಿದ್ದಾರೆ. ಟೀಚರ್ ಹೋಗಿ ಸೇರಿದ ತಮ್ಮನ ಊರಿನಲ್ಲಿದ್ದ ಒಂದೇ ಟಾಕೀಸು ಮದುವೆ ಹಾಲ್ ಆಗಿದೆಯಂತೆ. ಮೊದಮೊದಲು ವಾರಕ್ಕೊಮ್ಮೆ ಮೆಸೇಜ್ ಬರುತ್ತಿತ್ತು, ಆಮೇಲೆ ಹಬ್ಬಕ್ಕೊಮ್ಮೆ. ಈಗ ನಾನು ಕಳಿಸಿದ್ದಕ್ಕೆ ಒಂದೇ ಟಿಕ್ ಬಿದ್ದು ಹಾಗೇ ನಿಂತಿದೆ. ಪಾಚಿ ಬಿಸ್ಕತ್ತಿನ ಫೋಟೋ ಕಳಿಸಿದ್ದೆ... "ಜಪಾನಿನವರು ಕೊನೇ ಗಳಿಗೆಯಲ್ಲಿ ಕೈಕೊಟ್ರು, ಇಲ್ಲದಿದ್ರೆ ಟೀಚರ್ ಇಲ್ಲೇ ಇರ್ತಿದ್ರು" ಎಂದು ಉಪ್ಪ ಇವತ್ತಿಗೂ ಗಿರಾಕಿಗಳ ಹತ್ತಿರ ಹೇಳುತ್ತಾರೆ. ನಾನು ಸುಮ್ಮನಿರುತ್ತೇನೆ. ನಾನು ಸುಮ್ಮನಿರುವ ವಿಷಯ ಅದೊಂದೇ.

ಸಿನಿಮಾದಿಂದ ಬಂದ ಆ ಸಂಜೆ ಟೀಚರ್ ಭಾನುವಾರದ ತಯಾರಿ ಶುರು ಮಾಡಿದರು. ಸಣ್ಣ ಮಕ್ಕಳಿಗೆ ಕಲಿಸಿ ತುಂಬಾ ಕಾಲವಾಗಿತ್ತು. ಹಾಗಾಗಿ ನಾನೇ ನರ್ಸರಿ ಮಗು. ನಾನು ಬಿಡುತ್ತೇನೆಯೇ? ಕಾರ್ಪೆಟಿನ ಮೇಲೆ ಬಿದ್ದು ಹೊರಳಿ "ಮಮ್ಮೀ" ಎಂದು ಅತ್ತೆ, ಅವರ ಬೆರಳು ಕಚ್ಚಿದೆ, ಸುಸು ಬಂತೆಂದು ಐದು ನಿಮಿಷಕ್ಕೊಮ್ಮೆ ಕೈಯೆತ್ತಿದೆ. ಟೀಚರ್ ಮೊಣಕಾಲೂರಿ ಕಪ್ಪೆಯ ಹಾಗೆ ಕುಪ್ಪಳಿಸುತ್ತಾ ಎ ಬಿ ಸಿ ಹಾಡುತ್ತಿದ್ದರು. ಜಡೆ ಬಿಚ್ಚಿ ಹೋಗಿತ್ತು, ಮುಖ ಕೆಂಪಾಗಿತ್ತು. "ಹೇಗೆ? ತಗೊಂಡಾರಾ ನನ್ನ?" ಎಂದು ಏದುಸಿರು ಬಿಡುತ್ತಾ ಕೇಳಿದರು. ಅವರು ಅಷ್ಟು ಆಸೆಯಿಂದ ಏನನ್ನಾದರೂ ಕೇಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಉಪ್ಪ ಒಳಗೆ ಬಂದರು. ಕೈಯಲ್ಲಿ ಹಲ್ವಾದ ಡಬ್ಬಿ.

"ಏಳಿ ಟೀಚರೇ, ಎಂತ ನೆಲದಲ್ಲಿ? ನಾಡಿದ್ದು ಹಿದ್‌ಗೆ ಹೋಗುದು ಬೇಡ. ನರ್ಸರಿಯವರಿಗೆ ಈಗಷ್ಟೇ ಫೋನ್ ಮಾಡಿ ಹೇಳಿದೆ, ಟೀಚರಿಗೆ ಜಪಾನ್ ಕಂಪನಿಯಲ್ಲಿ ಕೆಲಸ ಆಯ್ತು, ನೀವು ಬೇರೆಯವರನ್ನ ನೋಡಿ ಅಂತ. ನಮ್ಮಿಂದಾಗಿ ಯಾರನ್ನೂ ಕಾಯಿಸ್ಬಾರ್ದಲ್ಲ?"

ಟೀಚರ್ ಮೊಣಕಾಲಿನ ಮೇಲೇ ಇದ್ದರು. "ಅವರು... ಎಂತ ಹೇಳಿದ್ರು?"

"ಎಂತ ಹೇಳುದು? ಸಂತೋಷ ಅಂದ್ರು. ಇನ್ನೊಬ್ಬಳು ಎದುರಿಗೇ ಕೂತಿದ್ಲಂತೆ. ನಾನು ಲೈನಿನಲ್ಲಿ ಇದ್ದ ಹಾಗೇ ಅವಳ ಪೇಪರಿಗೆ ಸೈನ್ ಹಾಕಿ ಆಯ್ತು."

ನಾನು ಬಾಯಿ ತೆರೆದೆ. ಟೀಚರ ಕೈ ನನ್ನ ಭುಜದ ಮೇಲೆ ಬಂತು. ಎದ್ದು ನಿಲ್ಲಲು ಹಿಡಿದುಕೊಂಡ ಹಾಗಿತ್ತು. ಎದ್ದು ನಿಂತ ಮೇಲೂ ತೆಗೆಯಲಿಲ್ಲ. ಜೋರಾಗಿ ಒಮ್ಮೆ ಅದುಮಿದರು.

"ಒಳ್ಳೇದು ಮಾಡಿದ್ರಿ," ಎಂದರು. "ಕೂತ್ಕೊಳ್ಳಿ, ಚಾ ಇಡ್ತೇನೆ."

ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದ ಸದ್ದಾಯಿತು. ನೀರು ಸುರಿಯುತ್ತಲೇ ಇತ್ತು. ಪಾತ್ರೆಯ ಸದ್ದು ಬರಲಿಲ್ಲ.

ಉಪ್ಪ ಹಲ್ವಾದ ಡಬ್ಬಿ ಬಿಚ್ಚುತ್ತಾ ನನ್ನ ಕಡೆ ಬಗ್ಗಿ, ದನಿ ತಗ್ಗಿಸಿ ಹೇಳಿದರು. "ನೋಡಿದ್ಯಾ? ಖುಷಿಗೆ ಪಾಪ, ಮಾತೇ ಹೊರಡ್ಲಿಲ್ಲ."